ಪೋಷಕರ ಸಭೆಗೆ ಬಂದ ಅಪ್ಪ

ತಾಯಲೂರು
೧೧-೧೧-೨೦೨೪

ಮಗ ವೇಣುಗೋಪಾಲನಿಗೆ ಅಪ್ಪ ವೆಂಕಟರಾಯಪ್ಪ ಮಾಡುವ ಆಶೀರ್ವಾದ, ಅದರ ಬೆನ್ನಿಗೇ ಬೈಗುಳ.

ಮೊದಲು ಇದನ್ನು ಓದು, ಆಮೇಲೆ ಮಲಗು. ಫೋನ್ ಮಾಡಿದರೆ ನೀನು "ಅಪ್ಪಾ, ಫ್ಯಾಕ್ಟರಿ ಲೈನಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಕಟ್ ಮಾಡುತ್ತೀಯ. ಆ 'ಆಮೇಲೆ' ಈ ಜನ್ಮದಲ್ಲಿ ಬರುವುದಿಲ್ಲ. ಕಾಗದವನ್ನು ಕಟ್ ಮಾಡುವ ಗುಂಡಿಯನ್ನು ನೀನು ದುಡಿಯುವ ನರಸಾಪುರದ ಯಾವ ಫ್ಯಾಕ್ಟರಿಯವನೂ ಇನ್ನೂ ಮಾಡಿಲ್ಲ ಎಂದುಕೊಂಡಿದ್ದೇನೆ. ಇವತ್ತಿನಿಂದ ನಿನ್ನ ಫೋನನ್ನು ನಾನು ಎತ್ತುವುದಿಲ್ಲ. ನಿನ್ನ ಅಮ್ಮನಿಗೂ ಎತ್ತಬೇಡವೆಂದು ಆಜ್ಞೆಯಾಗಿದೆ. ಉತ್ತರ ಕಾಗದದಲ್ಲೇ ಬರಬೇಕು!

ದೀಪಾವಳಿಗೆ ನಿನ್ನ ಮಗಳು ಚಂದನ ಬಂದಳು. ಹೇಗೆ ಬಂದಳು? ಎಂಟನೇ ಕ್ಲಾಸಿನ ಹುಡುಗಿ, ಕೋಲಾರದಿಂದ ಒಬ್ಬಳೇ, ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ನಮಗೆಂದು ಸೋನ್‌ಪಾಪ್ಡಿ ಡಬ್ಬಿ.

"ಅಪ್ಪ ಎಲ್ಲೇ?"

"ಮಲಗಿದಾರೆ ತಾತ."

"ಅಮ್ಮ?"

"ಡ್ಯೂಟಿಗೆ ಹೋದ್ರು."

ಮಗು ಹೀಗೆ ಹೇಳುವಾಗ ಮುಖದಲ್ಲಿ ಸಿಟ್ಟಾದರೂ ಇರಬೇಕಲ್ಲವೇನೋ ನಾಯನಾ? ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ಮೂರು ದಿನವೂ ನಮ್ಮ ನಾಟಕದ ತಾಲೀಮಿನಲ್ಲೇ ಇದ್ದಳು. ಯಾರ ಮಾತು ಎಲ್ಲಿ ತಪ್ಪಿದರೂ ಹಿಂದಿನಿಂದ ಎತ್ತಿಕೊಡುತ್ತಿದ್ದಳು. ಮುಳಬಾಗಿಲಿನ ಟೈಲರ್ ಅಕ್ರಂ ನಿನಗೆ ಗೊತ್ತಲ್ಲ, ಇಪ್ಪತ್ತು ವರ್ಷದಿಂದ ನಮ್ಮ ತಂಡದಲ್ಲಿ ಗದೆ ಹೊರುವವನು, ಅವನನ್ನು ಮೂಲೆಗೆ ಕೂರಿಸಿಕೊಂಡು ಏನೋ ಗುಸುಗುಸು ಪಾಠ ಮಾಡುತ್ತಿದ್ದಳು. ಅಷ್ಟು ದೊಡ್ಡ ಗಂಡಸು ತಲೆಯಾಡಿಸಿಕೊಂಡು ಕೇಳುತ್ತಿದ್ದ. ನನ್ನ ಮೊಮ್ಮಗಳು ನಾಟಕದ ಮೇಷ್ಟ್ರಾಗುತ್ತಾಳೆ ಎಂದು ಹಿಗ್ಗಿದೆ. ಆದರೆ ಅವಳಿಗೆ ಪಾಠ ಹೇಳುವವರು ಯಾರು?

ಕೇಳು. ಮಗುವನ್ನು ನೆಟ್ಟಗೆ ಬೆಳೆಸದವನು ತನ್ನ ಮನೆಯೊಂದನ್ನೇ ಕೆಡಿಸುವುದಿಲ್ಲ, ಇಡೀ ಊರನ್ನು ಕೆಡಿಸುತ್ತಾನೆ! ನಾಳೆ ಆ ಮಗು ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಡುತ್ತದೋ ಇಲ್ಲವೋ, ಕಚೇರಿಯ ಕುರ್ಚಿಯಲ್ಲಿ ಕೂತು ಬಡವನ ಅರ್ಜಿಯನ್ನು ಓದುತ್ತದೋ ಎಸೆಯುತ್ತದೋ, ಅದೆಲ್ಲ ಇವತ್ತು ನಿನ್ನ ಬಾಡಿಗೆ ಮನೆಯಲ್ಲಿ ತೀರ್ಮಾನವಾಗುತ್ತಿದೆ. ನೀನು ಗೊರಕೆ ಹೊಡೆಯುತ್ತಿದ್ದೀಯ!

ನಿನ್ನ ಅಪ್ಪ

*

ಕೋಲಾರ
೧೭-೧೧-೨೦೨೪

ಅಪ್ಪನಿಗೆ ವೇಣುವಿನ ನಮಸ್ಕಾರ.

ಪೋಸ್ಟ್‌ಮ್ಯಾನ್ ನಿಮ್ಮ ಕಾಗದ ಕೊಟ್ಟು, "ಯಾರಾದ್ರೂ ಹೋಗ್ಬಿಟ್ರಾ ಸಾರ್?" ಎಂದ. ನಮ್ಮ ಬೀದಿಗೆ ಕೈಬರಹದ ಕವರ್ ಬಂದು ಎಷ್ಟೋ ವರ್ಷವಾಯಿತಂತೆ. ನಿಮ್ಮ ಹಟಕ್ಕಾಗಿ ನಾನು ಪೆನ್ನು ಹುಡುಕಿ ಕೂತಿದ್ದೇನೆ. ಪೆನ್ನು ಚಂದನಳದ್ದು.

ನನಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ ಪಾಳಿ. ಸುನಂದಳಿಗೆ ಅದರ ತಿರುಗುಮುರುಗು. ಮನೆಯಲ್ಲಿ ಯಾವಾಗಲೂ ಒಬ್ಬರಿರಲಿ ಎಂದೇ ಹಾಗೆ ಹಾಕಿಸಿಕೊಂಡಿದ್ದೇವೆ. ಇರುವವರು ಮಲಗಿರುತ್ತಾರೆ, ಅದು ನಿಜ. ಎಂಟು ಗಂಟೆ ನಿಂತು ಬಂದ ಕಾಲು ಮತ್ತೇನು ಮಾಡುತ್ತದೆ? ನಾನೂ ಅವಳೂ ಮಾತಾಡುವುದೇ ಫ್ರಿಜ್ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ. 'ಗ್ಯಾಸ್ ಬುಕ್ ಮಾಡಿ.' 'ಸರಿ.' ಹೀಗೆ ನಡೆದಿದೆ ಸಂಸಾರ.

ಚಂದನಳಿಗೆ ಏನು ಕಮ್ಮಿ ಮಾಡಿದ್ದೇವೆ ಹೇಳಿ. ಒಳ್ಳೆ ಶಾಲೆ, ಟ್ಯೂಷನ್, ಸೈಕಲ್. ಒಂದು ದಿನ ಅದು ಬೇಕು ಇದು ಬೇಕು ಎಂದವಳಲ್ಲ. ಅವಳೇ ಸುಮ್ಮನಿರುವಾಗ ನೀವೇಕೆ ಅಲ್ಲಿಂದ ಕೂಗಾಡುತ್ತೀರಿ?

ಕಂಪನಿ ಬಸ್ಸಿಗೆ ಹೊತ್ತಾಯಿತು.

ವೇಣು

*

ತಾಯಲೂರು
೨-೧೨-೨೦೨೪

ಪ್ರೀತಿಯ ಮಗನೇ!

ಹೌದು, ಪ್ರೀತಿಯ ಮಗನೇ ಎಂದೇ ಬರೆದಿದ್ದೇನೆ. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡು.

ನಿನ್ನೆ ಚಂದನಳ ಶಾಲೆಯ ಹೆಡ್‌ಮಿಸ್ ಫರ್ಹತ್ ಮೇಡಂ ಫೋನ್ ಮಾಡಿದ್ದರು. ಡಿಸೆಂಬರ್ ಇಪ್ಪತ್ತೊಂದರ ಶನಿವಾರ ಪೋಷಕರ ದಿನವಂತೆ. 'ಒಳ್ಳೆಯ ಪಾಲನೆ, ಒಳ್ಳೆಯ ಸಮಾಜ' ಎಂಬ ವಿಷಯದ ಮೇಲೆ ನಾನು ಮಾತಾಡಬೇಕಂತೆ. ತಾತ ನಾಟಕದವರು ಎಂದು ಚಂದನ ಹೇಳಿದ್ದಾಳೆ. ಒಪ್ಪಿದೆ. ಆಮೇಲೆ ಆ ತಾಯಿ ಹೇಳಿದ ಮಾತು ಕೇಳು:

"ಸಾರ್, ನಿಮ್ಮ ಮಗನಂಥ ತಂದೆ ನಮ್ ಸ್ಕೂಲಲ್ಲಿ ಇನ್ನೊಬ್ರಿಲ್ಲ. ಆಗಸ್ಟಿಂದ ಒಂದು ಮೀಟಿಂಗೂ ತಪ್ಪಿಸಿಲ್ಲ. ಬೇರೆಯವರೆಲ್ಲ ಮಾರ್ಕ್ಸ್ ಎಷ್ಟು ಅಂತಾರೆ, ಹೋಗ್ತಾರೆ. ಇವರು ಮಗು ಊಟ ಮಾಡ್ತಾಳಾ, ನಗ್ತಾಳಾ ಅಂತ ಕೇಳ್ತಾರೆ. ಎಂಥ ವಿನಯ! ಎಂಥ ಕಂಠ! ಆ ಮೀಸೆ ನೋಡಿದ್ರೆ ಮೊದಲು ಭಯ ಆಗತ್ತೆ, ಆದ್ರೆ ಮನಸ್ಸು ಬೆಣ್ಣೆ."

ನಾನು ಅತ್ತೆ ಕಣೋ. ಜಗಲಿಯ ಮೇಲೆ ಕೂತು, ನಿನ್ನ ಅಮ್ಮ ನೋಡುತ್ತಿದ್ದರೂ ನಾಚದೆ ಅತ್ತೆ. ಹಿಂದಿನ ಕಾಗದದಲ್ಲಿ ಬೈದದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡಿದ್ದೇನೆ. ಆ ಕಂಠ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಮೀಸೆ ಯಾವಾಗ ಬಿಟ್ಟೆ?

ಇಪ್ಪತ್ತೊಂದಕ್ಕೆ ನಿನಗೆ 'ಮಾದರಿ ಪೋಷಕ' ಎಂದು ಶಾಲು ಹೊದಿಸುತ್ತಾರೆ. ಹೊದಿಸುವವನು ನಾನೇ! ರಜೆ ಹಾಕು.

ನಿನ್ನ ಅಪ್ಪ

*

ಕೋಲಾರ
೮-೧೨-೨೦೨೪

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಸಂತೋಷವಾಯಿತು. ಮೇಡಂ ದೊಡ್ಡ ಮನಸ್ಸಿನವರು, ಏನೋ ಹೇಳಿದ್ದಾರೆ. ನಾನೂ ಕೈಲಾದಷ್ಟು ಮಾಡುತ್ತಿದ್ದೇನೆ. ಸುನಂದಳ ಪಾಲೂ ಅದರಲ್ಲಿದೆ, ಬಹುಶಃ ಹೆಚ್ಚಾಗಿಯೇ ಇದೆ.

ಇಪ್ಪತ್ತೊಂದಕ್ಕೆ ಮಾತ್ರ ಬರಲಾಗುವುದಿಲ್ಲ. ವರ್ಷದ ಕೊನೆ, ಯಾರಿಗೂ ರಜೆ ಇಲ್ಲ. ಸುನಂದಳಿಗೂ ಇಲ್ಲ. ಶಾಲನ್ನು ನೀವೇ ತೆಗೆದುಕೊಂಡುಬಿಡಿ.

ಮೀಸೆಯ ವಿಷಯ ಎದುರಿಗೆ ಸಿಕ್ಕಾಗ ಮಾತಾಡೋಣ.

ವೇಣು

*

ತಾಯಲೂರು
೧೩-೧೨-೨೦೨೪ (ಕಾರ್ಡು)

ಅರಮನೆಯಲ್ಲಿ ಪಟ್ಟಾಭಿಷೇಕ, ರಾಜಕುಮಾರನಿಗೆ ಡ್ಯೂಟಿ! ಇಂಥ ನಾಟಕವನ್ನು ನಾನು ಯಾವ ಊರಿನಲ್ಲೂ ಆಡಿಸಿಲ್ಲ. ನಿನ್ನ ಸೂಪರ್‌ವೈಸರ್ ಹೆಸರು ಬರೆ, ನಾನೇ ಬಂದು ಕೇಳುತ್ತೇನೆ. ಇಲ್ಲದಿದ್ದರೆ ಬಾ.

*

ತಾಯಲೂರು
೨೨-೧೨-೨೦೨೪

ಲೇ ವೇಣು,

ಆಶೀರ್ವಾದ ಇಲ್ಲ.

ನಿನ್ನೆ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ರಕ್ತ ತಲೆಗೇರುತ್ತದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ನಾನೂರು ಜನ. ನಲವತ್ತು ನಿಮಿಷ ಮಾತಾಡಿದೆ. ಮೈಕು ಎರಡು ಸಲ ಕೂಗಿಕೊಂಡಿತು, ನಾನು ಬಿಡಲಿಲ್ಲ. "ಮಗುವಿನ ಮುಂದೆ ಸುಳ್ಳಾಡುವ ಅಪ್ಪ ಸಮಾಜಕ್ಕೆ ಕಳ್ಳನನ್ನು ಕೊಡುತ್ತಾನೆ!" ಎಂದು ಮೇಜು ಗುದ್ದಿದೆ. ನೀರಿನ ಲೋಟ ಬಿತ್ತು. ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಫರ್ಹತ್ ಮೇಡಂ ನನ್ನ ಕೈಗೆ ಶಾಲು ಕೊಟ್ಟು ಮೈಕಿನಲ್ಲಿ, "ಈ ವರ್ಷದ ಮಾದರಿ ಪೋಷಕ, ಚಂದನಳ ತಂದೆ, ಶ್ರೀ ವೇಣುಗೋಪಾಲ್ ಅವರು ಬರಬೇಕು" ಎಂದರು. ನೀನು ಬಂದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ನನ್ನ ಮಗ ಎದ್ದು ನಿಂತ.

ಬಿಳಿ ಶರ್ಟು. ಎಣ್ಣೆ ಹಚ್ಚಿ ಬಾಚಿದ ತಲೆ. ಮೀಸೆ.

ಅಕ್ರಂ!

ಇಪ್ಪತ್ತು ವರ್ಷ ನಾನು ಹೇಳಿಕೊಟ್ಟ ನಡಿಗೆಯಲ್ಲೇ ಮೆಟ್ಟಿಲು ಹತ್ತಿ ಬಂದ. ನನ್ನ ಕಾಲಿಗೆ ಬಗ್ಗಿದ. ಬಗ್ಗಿದವನು ಪಿಸುಗುಟ್ಟಿದ: "ಮೇಷ್ಟ್ರೇ, ಮಗು ನೋಡ್ತಾ ಐತೆ."

ನೋಡಿದೆ. ಮುಂದಿನ ಸಾಲಿನಲ್ಲಿ ಚಂದನ. ಎರಡು ಕೈಯನ್ನೂ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ತುಟಿ ಅಲ್ಲಾಡುತ್ತಿತ್ತು. ಮಾತು ಮರೆತ ಪಾತ್ರಧಾರಿಗೆ ಹಿಂದಿನಿಂದ ಎತ್ತಿಕೊಡುವ ಹಾಗೆ, ಅಷ್ಟು ಜನರ ಮಧ್ಯೆ, ತಾತನಿಗೆ ಮಾತು ಎತ್ತಿಕೊಡುತ್ತಿದ್ದಳು.

ನಲವತ್ತು ವರ್ಷ ಸುಳ್ಳಾಡದ ರಾಜನ ಪಾತ್ರ ಮಾಡಿದವನು ನಾನು. ಆ ಪಾತ್ರಕ್ಕೆ ಈ ನಾಲ್ಕು ತಾಲೂಕಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ ಎನ್ನುತ್ತಾರೆ. ಆ ನಾನು ಶಾಲು ಬಿಡಿಸಿ ಅಕ್ರಂನ ಹೆಗಲಿಗೆ ಹೊದಿಸಿ, ಮೈಕು ಬೇಡದ ಗಂಟಲಿನಲ್ಲಿ, "ಇವನು ನನ್ನ ಮಗ!" ಎಂದೆ.

ಚಪ್ಪಾಳೆ ಬಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದಿಲ್ಲ.

ಸಭೆ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹಿಂದೆ ಅವನ ಕಾಲರ್ ಹಿಡಿದೆ. "ಏನ್ಲಾ ಇದು?"

"ಕ್ಯಾ ಕರೂಂ ಮೇಷ್ಟ್ರೇ, ಏನ್ ಮಾಡ್ಲಿ? ಜುಲೈನಾಗೆ ಈ ಮಗು ಒಬ್ಳೇ ಬಸ್ಸತ್ತಿ ನಮ್ ಅಂಗಡಿಗೆ ಬಂದ್ಬಿಡ್ತು. ಡೈರಿ ತೋರಿಸ್ತು. ಎರಡು ಮೀಟಿಂಗ್‌ಗೂ ಯಾರೂ ಬಂದಿಲ್ಲ, ಮುಂದಿನ ಸಲ ಅಪ್ಪ ಬರ್ದಿದ್ರೆ ಕ್ಲಾಸಿಗೆ ಸೇರ್ಸಲ್ಲ ಅಂತ ಬರ್ದಿತ್ತು. 'ಮಾವಾ, ಒಂದು ಪಾರ್ಟ್ ಐತೆ, ಮಾಡ್ತೀಯಾ?' ಅಂತು. ಪಾತ್ರದೋನು ಬರ್ದಿದ್ರೆ ಮಾತು ಗೊತ್ತಿರೋನು ಬಣ್ಣ ಹಚ್ಬೇಕು, ನಾಟಕ ನಿಲ್ಲಬಾರ್ದು ಅಂತ ನೀವೇ ತಾನೇ ನಮ್ಗೆ ಕಾನೂನು ಮಾಡಿದ್ದು? ಒಂದೇ ಸಲ ಅಂದ್ಕೊಂಡೆ. ಆ ಮೇಡಂನ ನೋಡಿ ಬಾಯಿಗೆ ಬಂದ ಸಲಾಮ್ ನುಂಗಿ ನಮಸ್ಕಾರ ಹಾಕೋದ್ರಾಗೆ ಬೆವತೋದೆ."

ಚಂದನ ನಮ್ಮಿಬ್ಬರ ಮಧ್ಯೆ ನುಗ್ಗಿದಳು. "ತಾತಾ, ಬಿಡು ಅವರನ್ನ. ಕರ್ಕೊಂಡು ಬಂದಿದ್ದು ನಾನು."

ಬಿಟ್ಟೆ. ಈಗ ನಿನ್ನ ಕಾಲರ್ ಹಿಡಿಯುತ್ತೇನೆ. ನೀನು ಒಂದು ಸಭೆಗೂ ಹೋಗಿರಲಿಲ್ಲ. ನಿನಗೆ ಅದು ಗೊತ್ತಿತ್ತು. ಗೊತ್ತಿದ್ದೂ ನನ್ನ ಮೆಚ್ಚುಗೆಯನ್ನು ಜೇಬಿಗೆ ಹಾಕಿಕೊಂಡು 'ಕೈಲಾದಷ್ಟು ಮಾಡುತ್ತಿದ್ದೇನೆ' ಎಂದು ಬರೆದೆ. ಯಾವ ಕೈಲೋ ಅದು?

ವೆಂಕಟರಾಯಪ್ಪ

*

ಕೋಲಾರ
೨೯-೧೨-೨೦೨೪

ಅಪ್ಪನಿಗೆ,

ಸುನಂದ ಹೋಗಿರುತ್ತಾಳೆ, ಮೇಡಂ ಮಾತಿಗೆ ನನ್ನ ಹೆಸರು ಸೇರಿಸಿದ್ದಾರೆ ಎಂದುಕೊಂಡಿದ್ದೆ. ಮೀಸೆ ಎಂದಾಗಲೇ ಎಲ್ಲೋ ತಪ್ಪಿದೆ ಎನಿಸಿತ್ತು. ಕೇಳಲಿಲ್ಲ. ನೀವು ನನ್ನನ್ನು ಹೊಗಳಿದ್ದು ಅದೇ ಮೊದಲು, ಅದನ್ನು ಕಳೆದುಕೊಳ್ಳುವ ಮನಸ್ಸಾಗಲಿಲ್ಲ. ಅಷ್ಟೇ ನನ್ನ ತಪ್ಪು.

ಸುನಂದಳನ್ನು ಕೇಳಿದರೆ ನಾನು ಹೋಗುತ್ತಿದ್ದೇನೆ ಎಂದುಕೊಂಡಿದ್ದಳಂತೆ. ಶಾಲೆಯ ಮೆಸೇಜು ಬರುವುದು ಮನೆಯಲ್ಲಿರುವ ಹಳೇ ಫೋನಿಗೆ, ಅದು ಚಂದನಳ ಕೈಯಲ್ಲಿ. ಅವಳು ಜೂನಿನಲ್ಲೂ ಜುಲೈನಲ್ಲೂ ಫ್ರಿಜ್ಜಿಗೆ 'ಶನಿವಾರ ಪೋಷಕರ ಸಭೆ' ಎಂದು ಚೀಟಿ ಅಂಟಿಸಿದ್ದಳು. ಅದರ ಕೆಳಗೆ ನಾನು 'ಸರಿ' ಎಂದು ಬರೆದೆ. ಸುನಂದಳೂ 'ಸರಿ' ಎಂದು ಬರೆದಳು. ನನ್ನ ಸರಿ ನೋಡಿ ಅವಳು ಮಲಗಿದಳು, ಅವಳ ಸರಿ ನೋಡಿ ನಾನು ಮಲಗಿದೆ. ಆ ಚೀಟಿಗಳನ್ನು ಹುಡುಗಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ತೋರಿಸಿದಳು.

ನಾನು ಸಿಟ್ಟಿನಲ್ಲಿ ಕೈ ಎತ್ತಿದೆ. ಹೊಡೆಯಲಿಲ್ಲ. ಅವಳು ಕದಲಲಿಲ್ಲ. "ಹೊಡಿ ಅಪ್ಪಾ, ಪರ್ವಾಗಿಲ್ಲ. ಇವತ್ತಾದ್ರೂ ಎದ್ದಿದೀಯಲ್ಲ" ಎಂದಳು. ನಿಮ್ಮ ಯಾವ ನಾಟಕದಲ್ಲಾದರೂ ಇದಕ್ಕೆ ಉತ್ತರವಿದ್ದರೆ ಬರೆದು ಕಳಿಸಿ.

ಆದರೆ ಒಂದು ಮಾತು. ನೀವು ಮೇಜು ಗುದ್ದಿ ಭಾಷಣ ಮಾಡಿದಿರಲ್ಲ, ನಾನು ಚಿಕ್ಕವನಿದ್ದಾಗ ನೀವು ಎಲ್ಲಿದ್ದಿರಿ? ಬೆಳಗ್ಗೆ ನಾನು ಶಾಲೆಗೆ ಹೊರಡುವಾಗ ನೀವು ಮುಖದ ಬಣ್ಣದ ಸಮೇತ ಜಗಲಿಯಲ್ಲಿ ಮಲಗಿರುತ್ತಿದ್ದಿರಿ. ನಾನು ಬರುವಷ್ಟರಲ್ಲಿ ಇನ್ನೊಂದು ಊರಿಗೆ ಹೊರಟಿರುತ್ತಿದ್ದಿರಿ. ನೀವೂ ರಾತ್ರಿ ಪಾಳಿಯವರೇ. ನಿಮಗೆ ಚಪ್ಪಾಳೆ ಬೀಳುತ್ತಿತ್ತು, ನನಗೆ ಬೀಳುವುದಿಲ್ಲ, ವ್ಯತ್ಯಾಸ ಅಷ್ಟೇ.

ಈಗ ಮುಂದಿನದು. ಇದು ಶಾಲೆಗೆ ಗೊತ್ತಾದರೆ ಅವಳಿಗೆ ಟಿ.ಸಿ. ಕೊಟ್ಟು ಕಳಿಸುತ್ತಾರೆ. ವರ್ಷದ ನಡುವೆ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಜನವರಿ ಹದಿನೆಂಟಕ್ಕೆ ಇನ್ನೊಂದು ಸಭೆ ಇದೆ. ಮಾರ್ಚಿನವರೆಗೆ ಅಕ್ರಂ ಅವರೇ ಹೋಗಲಿ. ಆಮೇಲೆ ಬೇರೆ ಶಾಲೆ ನೋಡುತ್ತೇನೆ. ನೀವು ದಯವಿಟ್ಟು ಬಾಯಿ ಬಿಡಬೇಡಿ.

ವೇಣು

*

ತಾಯಲೂರು
೩-೧-೨೦೨೫

ವೇಣು,

ಬಾಯಿ ಬಿಡಬೇಡಿ ಎಂದು ಬರೆದಿದ್ದೀಯ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಮನೆ ಬಿಟ್ಟು ಹೊರಡಲಿಲ್ಲ. ತಾಲೀಮಿಗೂ ಹೋಗಲಿಲ್ಲ.

ನಿನ್ನೆ ಅಕ್ರಂ ಶಾಲನ್ನು ಹಿಂದಕ್ಕೆ ಕೊಡಲು ಬಂದಿದ್ದ. "ನಂಗೆ ಬೇಡ ಮೇಷ್ಟ್ರೇ, ಯಾರ್ದೋ ಬಟ್ಟೆ ಅಳತೆ ಇಲ್ದೆ ಹಾಕ್ಕೊಂಡಂಗೈತೆ" ಎಂದ. ಜೊತೆಗೆ ಒಂದು ಹಾಳೆ ಕೊಟ್ಟ. ನಿನ್ನ ಮಗಳು ಅವನಿಗೆ ಪಾತ್ರ ಬರೆದುಕೊಟ್ಟ ಹಾಳೆ. ಇದರ ಜೊತೆ ಇಟ್ಟಿದ್ದೇನೆ. ಕಳೆದುಹೋದೀತೆಂದು ಇಲ್ಲೂ ನಕಲು ಮಾಡುತ್ತೇನೆ.

'ಅಪ್ಪ: (ಒಳಗೆ ಬಂದು ಕುರ್ಚಿ ಎಳೆದುಕೊಂಡು ಪೂರ್ತಿ ಕೂರಬೇಕು. ತುದೀಲಿ ಕೂರಬಾರದು. ಗಡಿಯಾರ ನೋಡಬಾರದು.) ನಮಸ್ಕಾರ ಮೇಡಂ. ಚಂದನ ಹೇಗಿದಾಳೆ?

(ಮೇಡಂ ಗಣಿತದ ಬಗ್ಗೆ ಹೇಳ್ತಾರೆ.)

ಅಪ್ಪ: ಅವಳಿಗೆ ಬೀಜಗಣಿತ ಕಷ್ಟ, ನಂಗೊತ್ತು. ಮಧ್ಯಾಹ್ನ ಯಾರ ಜೊತೆ ಊಟ ಮಾಡ್ತಾಳೆ? (ಉತ್ತರ ಬರೋವರೆಗೂ ಸುಮ್ಮನಿರಬೇಕು.) ಕ್ಲಾಸಲ್ಲಿ ನಗ್ತಾಳಾ?

(ನನ್ನ ಕಡೆ ತಿರುಗಬೇಕು. ಬೈಯಬಾರದು. ಏನೂ ಹೇಳದಿದ್ರೂ ಪರವಾಗಿಲ್ಲ. ನೋಡಿದ್ರೆ ಸಾಕು.)'

ಇಷ್ಟೇ ಪಾತ್ರ. ಐದೇ ಮಾತು. ಬಾಯಿಪಾಠಕ್ಕೆ ಒಂದು ಗಳಿಗೆ ಸಾಕು. ಇದನ್ನು ಮಾಡಲು ನಿನಗೆ ಬಿಡುವಿಲ್ಲ. ನನಗೂ ಇರಲಿಲ್ಲ.

ನೀನು ಚಿಕ್ಕವನಿದ್ದಾಗ ನಾನೆಲ್ಲಿದ್ದೆ ಎಂದು ಬರೆದೆಯಲ್ಲ, ಅದಕ್ಕೆ ಜಗಳವಾಡಲು ಕೂತೆ. ಏಳನೇ ಕ್ಲಾಸಿನಲ್ಲಿ ನಿನಗೆ ಪಾಠ ಮಾಡಿದ ಮೇಷ್ಟ್ರ ಹೆಸರೇನು? ನೆನಪಿಸಿಕೊಂಡೆ, ಬರಲಿಲ್ಲ. ಆಮೇಲೆ ಗೊತ್ತಾಯಿತು, ಮರೆತದ್ದಲ್ಲ, ಯಾವತ್ತೂ ಗೊತ್ತೇ ಇರಲಿಲ್ಲ. ನಿನ್ನ ಅಮ್ಮನನ್ನು ಕೇಳಿದರೆ ತಕ್ಷಣ ಹೇಳುತ್ತಾಳೆ. ಕೇಳಲಿಲ್ಲ. ನೀನೇ ಬರೆ.

ಆದರೆ ನಾನು ಕೆಟ್ಟು ಹೋದೆನೆಂದು ನೀನೂ ಕೆಡಬೇಕೆಂಬ ಕಾನೂನಿಲ್ಲ. ಅಕ್ರಂ ಇನ್ನು ಶಾಲೆಗೆ ಬರುವುದಿಲ್ಲ, ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಟಿ.ಸಿ. ಕೊಡುತ್ತಾರೋ, ಮಂಗಳಾರತಿ ಮಾಡುತ್ತಾರೋ, ನೀನು ಹೋಗಿ ಮೇಡಂ ಮುಂದೆ ನಿಜ ಹೇಳು. ನಾನೂ ಕಾಗದ ಹಾಕಿ ನನ್ನ ಸುಳ್ಳು ಒಪ್ಪಿಕೊಳ್ಳುತ್ತೇನೆ.

ಅಪ್ಪ

*

ತಾಯಲೂರು
೧೫-೧-೨೦೨೫ (ಕಾರ್ಡು)

ಸಂಕ್ರಾಂತಿಯೂ ಆಯಿತು, ನಿನ್ನ ಕಾಗದ ಇಲ್ಲ. ಹೋದೆಯೋ ಇಲ್ಲವೋ? ನಿನ್ನ ಅಮ್ಮ ಫೋನ್ ಎತ್ತಿಬಿಡಲೇ ಎಂದು ಕೇಳುತ್ತಿದ್ದಾಳೆ. ನಾನು ಬೇಡವೆಂದಿದ್ದೇನೆ. ಬೇಗ ಬರೆ, ಅವಳನ್ನು ಇನ್ನೆಷ್ಟು ದಿನ ತಡೆಯಲಿ!

*

ಕೋಲಾರ
೧೯-೧-೨೦೨೫

ಅಪ್ಪನಿಗೆ ವೇಣುವಿನ ನಮಸ್ಕಾರ.

ಏಳನೇ ಕ್ಲಾಸಿನಲ್ಲಿ ಚನ್ನರಾಯಪ್ಪ ಮೇಷ್ಟ್ರು. ಆ ವರ್ಷ ನನ್ನ ಅಂಕಪಟ್ಟಿಗೆ ನಿಮ್ಮ ಜಾಗದಲ್ಲಿ ಅವರೇ ಸಹಿ ಹಾಕಿದ್ದರು. ನಾನು ಯಾರಿಗೂ ಹೇಳಿರಲಿಲ್ಲ.

ಆರನೇ ತಾರೀಖು ಸೋಮವಾರ ಶಾಲೆಗೆ ಹೋದೆ. "ನಾನು ಚಂದನಳ ತಂದೆ ವೇಣುಗೋಪಾಲ್" ಎಂದೆ. ಫರ್ಹತ್ ಮೇಡಂ ಕನ್ನಡಕ ತೆಗೆದು ನೋಡಿ, ಆಯಾಳನ್ನು ಕರೆದು ಗೇಟು ಹಾಕಿಸಿದರು. ನಿಮ್ಮ ಕಾಗದ ಅವರಿಗಿನ್ನೂ ತಲುಪಿರಲಿಲ್ಲ, ನಾನು ಮಕ್ಕಳ ಕಳ್ಳ ಎಂದುಕೊಂಡಿದ್ದರು. ಆಧಾರ್ ಕಾರ್ಡು ತೋರಿಸಿದೆ. ಕಂಪನಿ ಕಾರ್ಡು ತೋರಿಸಿದೆ.

"ಕಾರ್ಡ್ ಯಾರು ಬೇಕಾದ್ರೂ ತೋರಿಸ್ತಾರೆ ರೀ. ಅವಳು ಯಾವ ಸೆಕ್ಷನ್ನು?"

ಗೊತ್ತಿರಲಿಲ್ಲ.

"ಪಕ್ಕದಲ್ಲಿ ಯಾರು ಕೂರ್ತಾರೆ?"

ಗೊತ್ತಿರಲಿಲ್ಲ.

"ಮೀಸೆಯವರಿಗೆ ಎರಡೂ ಗೊತ್ತಿತ್ತು!" ಎಂದರು.

ಆಮೇಲೆ ಎಲ್ಲ ಹೇಳಿದೆ. ಫ್ರಿಜ್ಜಿನ ಚೀಟಿ ತೋರಿಸಿದೆ, ಪಾತ್ರದ ಹಾಳೆ ತೋರಿಸಿದೆ. ಹಾಳೆಯನ್ನು ಅವರು ಎರಡು ಸಲ ಓದಿ ಮಡಚಿಟ್ಟರು. ಆಮೇಲೆ ಬೈದರು ನೋಡಿ, ನಿಮ್ಮ ಬೈಗುಳವೆಲ್ಲ ತಾಲೀಮು ಎನಿಸಿಬಿಟ್ಟಿತು. ನನಗೆ, ನಿಮಗೆ, ಅಕ್ರಂ ಅವರಿಗೆ, ಅಲ್ಲಿರದ ಸುನಂದಳಿಗೆ. ಕೊನೆಗೆ ಗುರುತು ನೋಡದೆ ಶಾಲು ಕೊಟ್ಟ ತಮಗೇ ಬೈದುಕೊಂಡರು. ಟಿ.ಸಿ. ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಡಬೇಕು, ಹದಿನೆಂಟರ ಸಭೆಗೆ ನಾನೇ ಬಂದರೆ ಆಮೇಲೆ ನೋಡೋಣ, ಬರದಿದ್ದರೆ ನೋಡುವುದೇನೂ ಇಲ್ಲ ಎಂದರು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಏನೆಂದು ಬರೆಯಲಿ?

ಹದಿನೆಂಟಕ್ಕೆ ರಜೆ ಕೇಳಿದೆ, ಕೊಡಲಿಲ್ಲ. ಹೇಳದೆ ಹೋದೆ. ಆ ದಿನದ ಸಂಬಳ ಹೋಗುತ್ತದೆ, ಮೆಮೊ ಬರುತ್ತದೆ, ಬರಲಿ. ಸುನಂದ ರಾತ್ರಿ ಪಾಳಿ ಮುಗಿಸಿ ಮಲಗದೆ ನೇರ ಬಸ್ಸಿನಿಂದ ಶಾಲೆಗೆ ಬಂದಳು. ಬಾಗಿಲಲ್ಲಿ ಇಬ್ಬರೂ ಎದುರಾದಾಗ, ಹಗಲು ಹೊತ್ತಿನಲ್ಲಿ ಒಬ್ಬರನ್ನೊಬ್ಬರು ನೋಡಿ ಎಷ್ಟು ದಿನವಾಯಿತು ಎಂದು ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು.

ಹಾಳೆಯಲ್ಲಿದ್ದದ್ದೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಒಳಗೆ ಹೋದ ಮೇಲೆ ಒಂದೂ ನೆನಪಾಗಲಿಲ್ಲ ಅಪ್ಪ. ಅಷ್ಟು ಜನರ ಮುಂದೆ ಹೇಗೆ ಮಾತಾಡುತ್ತೀರಿ ನೀವು? ಕುರ್ಚಿಯ ತುದಿಯಲ್ಲೇ ಕೂತೆ. ಗಣಿತದ ಮಿಸ್ ಏನೇನೋ ಹೇಳಿದರು, ನಾನು "ಸರಿ" ಎಂದೆ. ಸುನಂದ ನನ್ನ ಕಾಲು ತುಳಿದಳು.

ಅಷ್ಟರಲ್ಲಿ ಫರ್ಹತ್ ಮೇಡಂ ಬಂದು ನಮ್ಮ ಮೇಜಿನ ಹತ್ತಿರ ನಿಂತರು. ನನ್ನನ್ನು ನೋಡಲಿಲ್ಲ. ಚಂದನಳ ಹೆಗಲ ಮೇಲೆ ಕೈ ಇಟ್ಟು, "ಇವರು ಯಾರಮ್ಮ? ಈ ಸಲ ಸರಿಯಾಗಿ ಹೇಳು" ಎಂದರು.

ಚಂದನ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಅವಳ ಎಡಗಡೆಯ ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಕಲೆ ಇದೆ. ಅದು ಯಾವಾಗ ಆಯಿತೋ ನನಗೆ ಗೊತ್ತಿಲ್ಲ.

"ನಮ್ಮಪ್ಪ ಮಿಸ್."

"ಗ್ಯಾರಂಟಿನಾ?"

"ಹೂಂ ಮಿಸ್" ಎಂದಳು. ನನ್ನ ಪರವಾಗಿ ಕ್ಷಮೆ ಕೇಳುವವಳ ಹಾಗೆ, ಮೆಲ್ಲಗೆ ಸೇರಿಸಿದಳು:

"ಹೊಸಬರು ಮಿಸ್. ಕಲೀತಾರೆ."

ವೇಣು